ಮಡಿ ಗೊಬ್ಬರ

ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ನಡೆಯುವ ಭಾನುವಾರದ ಕನ್ನಡ ತರಗತಿಗೆ ನಾನು ಗುರುವಾದದ್ದು ಯೋಗ್ಯತೆಯಿಂದಲ್ಲ, ಬಿಡುವಿನಿಂದ. ಹಡಗು ಕಂಪನಿಯೊಂದರ ಕಚೇರಿಯಲ್ಲಿ ಕುಳಿತು, ಬೇರೆಯವರ ಸರಕನ್ನು ಕಾಗದದ ಮೇಲೆ ಸಮುದ್ರ ದಾಟಿಸುತ್ತ ಆಯುಷ್ಯದ ಬಹುಭಾಗ ಕಳೆದು ನಿವೃತ್ತನಾಗಿದ್ದೆ. ಒಂದು ಸಂಜೆ ಬಿಲ್ಡಿಂಗಿನ ಕನ್ನಡ ಮನೆಗಳವರು ಒಟ್ಟಾಗಿ ಬಂದು, "ನಿಮಗೆ ಹೇಗೂ ಕೆಲಸ ಇಲ್ಲ, ನಮ್ಮ ಮಕ್ಕಳಿಗೆ ಸ್ವಲ್ಪ ಕನ್ನಡ ಕಲಿಸಿ" ಎಂದರು. ಮಾತಿನ ಮೊದಲರ್ಧದಲ್ಲಿ ಅವಮಾನವೂ ಎರಡನೆಯ ಅರ್ಧದಲ್ಲಿ ಗೌರವವೂ ಇದ್ದಂತೆ ಕಂಡಿತು. ಒಂದಕ್ಕೊಂದು ವಜಾ ಆಯಿತೆಂದು ಒಪ್ಪಿಕೊಂಡೆ.

ತರಗತಿ ನಡೆಯುವುದು ನೆಲಮಹಡಿಯಲ್ಲಿ, ಪಂಪ್ ರೂಮಿನ ಪಕ್ಕದ ಸೊಸೈಟಿ ಆಫೀಸಿನಲ್ಲಿ. ಲಿಫ್ಟ್ ರಿಪೇರಿಯ ನೋಟೀಸುಗಳ ಕೆಳಗೆ ಚಾಪೆ ಹಾಸಿ ಮಕ್ಕಳನ್ನು ಕೂರಿಸುತ್ತೇನೆ. ಅವರು ನನ್ನನ್ನು 'ಮೇಷ್ಟ್ರೇ' ಎಂದು ಕರೆಯಬೇಕೆಂದು ನನ್ನ ಆಸೆ ಇತ್ತು. ಶಾಲೆಯ ಅಭ್ಯಾಸಕ್ಕೆ 'ಸರ್' ಎಂದರು. ನನ್ನ ತಲೆಗೂದಲು ನೋಡಿ 'ಅಜ್ಜ' ಎಂದರು. ಕೊನೆಗೆ ಎರಡನ್ನೂ ಸೇರಿಸಿ 'ಸರ್ ಅಜ್ಜ' ಎಂಬ ಬಿರುದನ್ನು ದಯಪಾಲಿಸಿದರು. ಈಗ ವಾಚ್‌ಮನ್ ಕೂಡ ಹಾಗೆಯೇ ಕರೆಯುತ್ತಾನೆ.

ವರ್ಣಮಾಲೆಯಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ ಎಂದರೆ ಅದು ಸೌಜನ್ಯದ ಮಾತಾದೀತು. ಅವರಿಗೆ ಅದರ ಮೇಲೆ ಹಗೆಯೇ ಇತ್ತು. ಹೀಗಿರುವಾಗ ಒಂದು ಭಾನುವಾರ ಆಫೀಸಿನ ಬಾಗಿಲು ತೆಗೆದರೆ ವಿಚಿತ್ರವಾದ ನಾತ. ಹುಡುಕಿದಾಗ ಕಪಾಟಿನ ಹಿಂದೆ ಸ್ಟೀಲಿನ ಡಬ್ಬಿಯೊಂದು ಸಿಕ್ಕಿತು. ಹಿಂದಿನ ಭಾನುವಾರದಿಂದ ಅಲ್ಲೇ ತಪಸ್ಸಿಗೆ ಕುಳಿತಿತ್ತು.

"ನಂದರಿ ಅದು" ಎಂದ ಹಿಂದಿನ ಗಲ್ಲಿಯ ಒಂಟಿಕೋಣೆ ಮನೆಗಳ ಚಾಳಿನಿಂದ ಬರುವ ಹುಡುಗ. ಅವನ ತಂದೆ ಬಾಗಲಕೋಟೆ ಕಡೆಯವರು, ವಿಲೆ ಪಾರ್ಲೆಯಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ. "ನಮ್ಮವ್ವ ವಾರದಿಂದ ಹುಡುಕಾಕತ್ತಾಳ."

ಡಬ್ಬಿ ತೆಗೆದೆವು. ವರ್ಣಮಾಲೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅದರೊಳಗೆ ಇಣುಕಿದರು. ಬದನೆಕಾಯಿ ಪಲ್ಲೆಯ ಮೇಲೆ ಬಿಳಿ, ಹಸಿರು, ಬೂದು ಬಣ್ಣದ ತುಪ್ಪಳ ಬೆಳೆದಿತ್ತು. ಹುಡುಗ ಮಾತ್ರ ಶಾಂತನಾಗಿ ಪರಿಶೀಲಿಸಿ, "ರೊಟ್ಟಿಗೆ ಏನೂ ಆಗಿಲ್ರಿ. ಪಲ್ಲೆ ಅಷ್ಟ ಹೋಗೇತಿ" ಎಂದು ತೀರ್ಪು ಕೊಟ್ಟ. ಗರಿಗರಿಯಾಗಿ ಒಣಗಿಸಿದ ಜೋಳದ ಕಟಿ ರೊಟ್ಟಿ ನಿಜವಾಗಿಯೂ ಹೇಗಿತ್ತೋ ಹಾಗೇ ಇತ್ತು.

"ಪಲ್ಲೆ ಖರಾಬ್ ಆಯ್ತು" ಎಂದಿತು ಒಂದು ಮಗು.

"ಏನಾಯ್ತು?"

"ಖರಾಬ್."

ಆ ಕ್ಷಣ ನನಗೆ ಜ್ಞಾನೋದಯವಾಯಿತು. ಈ ಮಕ್ಕಳಿಗೆ ಲೋಕದಲ್ಲಿ ಕೆಡುವುದೆಲ್ಲ ಒಂದೇ ಬಗೆ. ಅನ್ನವೂ ಖರಾಬ್, ಹಣ್ಣೂ ಖರಾಬ್, ಫ್ರಿಜ್ಜೂ ಖರಾಬ್. ಆದರೆ ನಮ್ಮಲ್ಲಿ ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ಹೂವು ಬಾಡುತ್ತದೆ, ಹಿಟ್ಟು ಮುಗ್ಗುತ್ತದೆ, ಬ್ರೆಡ್ಡಿಗೆ ಬೂಸಲು ಬರುತ್ತದೆ, ಹಾಲು ಒಡೆಯುತ್ತದೆ, ಎಣ್ಣೆ ಕಮಟಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಇಷ್ಟು ಶ್ರೀಮಂತವಾದ ಕೊಳೆಯುವ ಸಂಪತ್ತನ್ನು ಬಿಟ್ಟು ನಾನು 'ಅರಸ', 'ಆನೆ' ಎಂದು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಂದಿನಿಂದ ಪಠ್ಯಕ್ರಮ ಬದಲಾಯಿತು. ಮಕ್ಕಳು ಮನೆಮನೆಯಿಂದ ಕೆಟ್ಟ ವಸ್ತುಗಳನ್ನು ತರುವುದು, ಅದಕ್ಕೆ ಸರಿಯಾದ ಕ್ರಿಯಾಪದ ಹುಡುಕುವುದು. ಹಾಜರಾತಿ ತುಂಬಿತು. ತಾಯಂದಿರು ನನ್ನನ್ನು ನೋಡುವ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು, ಅಷ್ಟೇ.

ಕೆಟ್ಟದ್ದನ್ನು ನೋಡಿಯಾದ ಮೇಲೆ ಅದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಸೊಸೈಟಿಯಲ್ಲಿ ಹಸಿ ಕಸಕ್ಕೆ ಒಂದು, ಒಣ ಕಸಕ್ಕೆ ಒಂದು ಬಕೆಟ್ ಇಡುವ ಪದ್ಧತಿ ಆಗಲೇ ಬಂದಿತ್ತು. ಎರಡನ್ನೂ ಕೊನೆಗೆ ಒಂದೇ ಲಾರಿಗೆ ಸುರಿಯುತ್ತಾರೆಂದು ಮಕ್ಕಳು ಕಣ್ಣಾರೆ ಕಂಡಿದ್ದರು. ಆದ್ದರಿಂದ ನಾವೇ ಪಂಪ್ ರೂಮಿನ ಹಿಂದೆ, ಬಾದಾಮಿ ಮರದ ನೆರಳಲ್ಲಿ ಒಂದು ಹಳೆಯ ಡ್ರಮ್ಮಿಗೆ ತೂತು ಕೊರೆಸಿ ಇಟ್ಟೆವು. ಒಂದು ಪದರ ಕಸ, ಒಂದು ಪದರ ಒಣ ಎಲೆ. ಒಣ ಎಲೆಗೆ ಬಾದಾಮಿ ಮರ ಯಾವತ್ತೂ ಜಿಪುಣತನ ತೋರಿಸಲಿಲ್ಲ.

ಮೊದಲ ದಿನವೇ ಧರ್ಮಸಂಕಟ. ಎರಡನೆಯ ಮಹಡಿಯ ಹುಡುಗಿ, ಎಂಟು ವರ್ಷದವಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಸಾಲಿನಲ್ಲಿ ಕೊನೆಗೆ ನಿಂತಿದ್ದಳು. ಅವಳ ಮನೆಯವರು ಮಂಗಳೂರು ಕಡೆಯವರು. ಅಜ್ಜನದು ದಹಿಸರಿನಲ್ಲಿ ಹೋಟೆಲು.

"ಸರ್ ಅಜ್ಜ, ಇದು ಚಲೇಗಾ?"

ಚೀಲದೊಳಗೆ ಬಂಗುಡೆ ಮೀನಿನ ತಲೆಗಳಿದ್ದವು. ನನ್ನ ಮನೆಯಲ್ಲಿ ಬದನೆಕಾಯಿಯನ್ನು ಕೂಡ ಅನುಮಾನದಿಂದ ನೋಡುವ ಪರಂಪರೆ. ಆದರೂ ಗುರುಪೀಠದಲ್ಲಿ ಕುಳಿತವನು ಪಕ್ಷಪಾತ ಮಾಡುವಂತಿಲ್ಲ. "ಕೊಳೆಯುವ ವಸ್ತುಗಳಲ್ಲಿ ಮೇಲುಕೀಳು ಇಲ್ಲ, ಹಾಕು" ಎಂದು ಘನವಾಗಿ ಘೋಷಿಸಿದೆ. "ಆದರೆ ಆಳದಲ್ಲಿ ಹಾಕು. ಬೆಕ್ಕುಗಳಿಗೆ ಈ ತತ್ವ ಗೊತ್ತಿಲ್ಲ."

ಮೊದಮೊದಲು ಡ್ರಮ್ಮು ನಾರಿತು. ಮಕ್ಕಳು ಉತ್ಸಾಹದಿಂದ ಸಾರು, ಮಜ್ಜಿಗೆ ಎಲ್ಲ ಸುರಿದಿದ್ದರು. ಒಣ ಎಲೆ ಹೆಚ್ಚಿಸಿ, ಕೋಲಿನಿಂದ ಕೆದಕಿ ಗಾಳಿಯಾಡಿಸಿದ ಮೇಲೆ ವಾಸನೆ ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಯಲ್ಲಿ ಕಪ್ಪಗೆ, ಪುಡಿಪುಡಿಯಾದ, ಮೊದಲ ಮಳೆಯ ವಾಸನೆಯ ಗೊಬ್ಬರ. ಬಂಗುಡೆಯ ತಲೆ ಯಾವುದು, ಪಡವಲದ ಸಿಪ್ಪೆ ಯಾವುದು ಎಂದು ನಾನಂತೂ ಗುರುತಿಸಲಾರದೆ ಹೋದೆ. ಗುರುತು ಉಳಿಸಿಕೊಂಡಿದ್ದು ಯಾರೋ ಕಣ್ತಪ್ಪಿಸಿ ಹಾಕಿದ್ದ ಶಾಂಪೂ ಪಾಕೀಟು ಮಾತ್ರ. ತೊಳೆದರೆ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಮಕ್ಕಳು ಅದನ್ನು ಒಬ್ಬರಿಂದೊಬ್ಬರಿಗೆ ಕೊಟ್ಟು ಬಹಳ ಹೊತ್ತು ನೋಡಿದರು. ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನು ಮಾಡಬೇಕಾಗಲಿಲ್ಲ.

ಡ್ರಮ್ಮು ಖಾಲಿ ಮಾಡುವಾಗ ಅಡಿಯ ಒಂದೆರಡು ಬೊಗಸೆ ಹಾಗೇ ಉಳಿಸಿದೆ.

"ಅದ್ಯಾಕ ಬಿಡೋದ್ರಿ?" ಎಂದ ಚಾಳಿನ ಹುಡುಗ.

"ಅದು ಹೆಪ್ಪು" ಎಂದೆ. "ಹಾಲಿಗೆ ಹೆಪ್ಪು ಹಾಕದೆ ಮೊಸರಾಗುತ್ತದೆಯೇ? ಇದೂ ಹಾಗೆಯೇ. ಹಳೆಯ ಗೊಬ್ಬರದ ಹುಳಹುಪ್ಪಟೆ ಹೊಸ ಕಸಕ್ಕೆ ಕೆಲಸ ಹೇಳಿಕೊಡುತ್ತವೆ."

ಗೊಬ್ಬರವನ್ನು ಗೇಟಿನ ಬಳಿಯ ದಾಸವಾಳಕ್ಕೆ ಹಾಕಿದೆವು. ಅದು ವರ್ಷಗಟ್ಟಲೆಯಿಂದ ವಾಚ್‌ಮನ್ನನ ಬಟ್ಟೆ ಒಣಹಾಕುವುದಕ್ಕಷ್ಟೇ ಉಪಯೋಗವಾಗಿದ್ದ ಗಿಡ. ಕೆಲವೇ ವಾರಗಳಲ್ಲಿ ಹೂಬಿಟ್ಟಿತು. ಆ ಹೂವು ಮೂರನೆಯ ಮಹಡಿಯ ಅಮ್ಮನ ಕಣ್ಣಿಗೆ ಬಿತ್ತು. ಇಲ್ಲಿಂದ ಮುಂದಿನದು ಅವರ ತುಳಸಿಯ ಕತೆ.

ಅಮ್ಮ ಉಡುಪಿ ಕಡೆಯವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮದುವೆಯಾಗಿ ಮುಂಬಯಿಗೆ ಬಂದಾಗ ಪೆಟ್ಟಿಗೆಯಲ್ಲಿ ಸೀರೆಯ ನಡುವೆ ತವರಿನ ಕಟ್ಟೆಯ ತುಳಸಿಯ ಬೀಜ ಕಟ್ಟಿಕೊಂಡು ಬಂದಿದ್ದರಂತೆ. ಆ ಗಿಡ ಹೋದರೆ ಅದರ ಬೀಜದ ಗಿಡ, ಅದು ಹೋದರೆ ಅದರ ಬೀಜದ್ದು, ಹೀಗೆ ಬಾಲ್ಕನಿಯ ಕುಂಡದಲ್ಲಿ ಸಂತತಿ ನಡೆದುಬಂದಿತ್ತು. ಅದಕ್ಕೆ ನೀರೆರೆಯದೆ ಅವರು ಕಾಫಿ ಕುಡಿಯುವುದಿಲ್ಲ. ಆ ವರ್ಷ ಚೆಲ್ಲಿದ ಬೀಜ ಒಂದೂ ಮೊಳೆತಿರಲಿಲ್ಲ. ಇದ್ದ ಒಂದೇ ಗಿಡ ಎಲೆ ಹಳದಿಯಾಗಿಸಿಕೊಂಡು ಉದುರಿಸುತ್ತಿತ್ತು. ಮಗ ಮಾಟುಂಗಾದ ನರ್ಸರಿಯಿಂದ ಬೇರೆ ತುಳಸಿ ತಂದುಕೊಟ್ಟಾಗ, "ಒಳ್ಳೆಯ ಗಿಡ. ಆದರೆ ನಂಗೆ ಇದರ ಗುರ್ತ ಇಲ್ಲ" ಎಂದು ಕೆಳಗಿನ ಮನೆಗೆ ಕೊಟ್ಟುಬಿಟ್ಟಿದ್ದರು.

ಒಂದು ಭಾನುವಾರ ಅವರು ಲಿಫ್ಟಿನಿಂದಿಳಿದು, ಕೋಲೂರಿಕೊಂಡು ಪಂಪ್ ರೂಮಿನ ಹಿಂದಕ್ಕೆ ಬಂದರು. ಕೈಯಲ್ಲಿ ತೊಳೆದ ಹಿತ್ತಾಳೆಯ ತಟ್ಟೆ.

"ಮಾಷ್ಟ್ರೇ, ದಾಸವಾಳಕ್ಕೆ ಎಂತ ಹಾಕಿದ್ರಿ ನೀವು? ನಮ್ಮ ತುಳಸಿಗೆ ಒಂದು ಮುಷ್ಟಿ ಕೊಡಿ."

ನಾನು ಬಾಯಿ ತೆರೆಯುವ ಮೊದಲೇ ಮಕ್ಕಳು ಅವರನ್ನು ಸುತ್ತುವರಿದರು. ಗೊಬ್ಬರಕ್ಕೆ ಏನೇನು ಹಾಕಿದೆವು ಎಂದು ಕ್ರಮವಾಗಿ ಒಪ್ಪಿಸುವುದು ಅವರಿಗೆ ಕಂಠಪಾಠ. ಅದನ್ನು ನಾನೇ ಕಲಿಸಿದ್ದೆ. ತಡೆಯುವುದಕ್ಕೆ ಆಗಲಿಲ್ಲ.

"ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ, ಮೊಟ್ಟೆ ಸಿಪ್ಪೆ..."

"ಹಳಸಿದ ಅನ್ನ, ಬೂಸಲು ಬಂದ ಬ್ರೆಡ್..."

"ಉಳ್ಳಾಗಡ್ಡಿ ಸಿಪ್ಪಿ ನಮ್ಮವ್ವ ಕೊಟ್ಟಿದ್ದು."

"ಬಂಗುಡೆದು ತಲೆ" ಎಂದಳು ಎರಡನೆಯ ಮಹಡಿಯ ಹುಡುಗಿ, ತನ್ನ ಪಾಲಿನ ಕೀರ್ತಿಯನ್ನು ಬಿಟ್ಟುಕೊಡದೆ. "ಅದು ಪೂರಾ ಕೊಳೆತು ಹೋಯ್ತು ಅಜ್ಜಿ. ಮುಳ್ಳು ಕೂಡ ಇಲ್ಲ."

ಅಮ್ಮನ ತಟ್ಟೆ ನಿಧಾನವಾಗಿ ಸೆರಗಿನೊಳಗೆ ಹೋಯಿತು. ಸಿಟ್ಟು ಮಾಡಲಿಲ್ಲ. "ದಾಸವಾಳಕ್ಕೆ ಆಗ್ತದೆ ಮಕ್ಕಳೇ" ಎಂದರು. "ತುಳಸಿಗೆ ಆಗುದಿಲ್ಲ. ಎಂಜಲು ಬೇರೆ ಉಂಟು, ಮತ್ತೆ ಅದೂ ಉಂಟು." ಮೀನಿನ ಹೆಸರನ್ನು ಅವರ ಬಾಯಿ ಹೇಳಲಿಲ್ಲ.

ಹುಡುಗಿಯ ಮುಖ ಸಣ್ಣದಾಯಿತು. ತಾನು ತಂದದ್ದರಿಂದ ಅಜ್ಜಿಯ ಗಿಡಕ್ಕೆ ಗೊಬ್ಬರ ಸಿಗಲಿಲ್ಲ ಎಂಬುದಷ್ಟೇ ಅವಳಿಗೆ ತಿಳಿದದ್ದು. "ಮತ್ಲಬ್, ಬೇರೆ ಮಾಡಿದ್ರೆ? ಅಜ್ಜಿದೇ ಅಲಗ್?" ಎಂದಳು.

ಹೀಗೆ ಭೂಮಂಡಲದಲ್ಲಿ ಬಹುಶಃ ಮೊತ್ತಮೊದಲ ಮಡಿ ಗೊಬ್ಬರದ ಯೋಜನೆ ಸಯನ್ನಿನಲ್ಲಿ ಆರಂಭವಾಯಿತು. ನಿಯಮಾವಳಿಯನ್ನು ಅಮ್ಮನೇ ಹೇಳಿದರು. ಹೊಸ ಮಣ್ಣಿನ ಮಡಕೆ. ಅದರೊಳಕ್ಕೆ ದೇವರ ಮೇಲಿಂದ ತೆಗೆದ ನಿರ್ಮಾಲ್ಯ ಮಾತ್ರ. ಬೇಕಾದರೆ ಪೂಜೆಯ ಬಾಳೆಹಣ್ಣಿನ ಸಿಪ್ಪೆ, ವೀಳ್ಯದೆಲೆ. ಈರುಳ್ಳಿ, ಬೆಳ್ಳುಳ್ಳಿ, ಎಂಜಲು ಇಲ್ಲ. ಮುಟ್ಟುವವರು ಮಿಂದಿರಬೇಕು.

"ಹುಳ ಬರ್ತಾವಲ್ರಿ, ಅವು ಮಿಂದಿರಬೇಕೇನ್ರಿ?" ಎಂದು ಚಾಳಿನ ಹುಡುಗ ಕೇಳಿದ. ತರ್ಕಬದ್ಧವಾದ ಪ್ರಶ್ನೆ. ಅಮ್ಮ ಸ್ವಲ್ಪ ಯೋಚಿಸಿ, "ಹುಳಕ್ಕೆ ಮಡಿ ಇಲ್ಲ. ಅದಕ್ಕೆ ಗೊತ್ತಾಗುದಿಲ್ಲ ಅಲ್ವಾ?" ಎಂದರು. "ನಮ್ಗೂ ಗೊತ್ತಾಗೂದಿಲ್ರಿ" ಎಂದ ಅವನು.

ನಿರ್ಮಾಲ್ಯದ ಸಮಸ್ಯೆ ಅಮ್ಮನ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ, ಕಾಲಿಗೆ ಸಿಗುವಂತಿಲ್ಲ. ಮಗ ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಸಮುದ್ರ ಒಳನುಗ್ಗಿದ ಖಾಡಿಯ ನೀರಿಗೆ ಬಿಡುತ್ತಿದ್ದ. ಹೂವು ದೇವರಿಗೆ ಸೇರುತ್ತಿತ್ತು, ಚೀಲ ಮೀನಿಗೆ. ಈಗ ಅದೇ ನಿರ್ಮಾಲ್ಯ ಮಡಕೆಗೆ ಬರತೊಡಗಿತು. ಮಕ್ಕಳು ಸ್ನಾನ ಮಾಡಿ, ಒದ್ದೆ ಕೂದಲಲ್ಲಿ, ಉಪನಯನಕ್ಕೆ ಕೂತವರಂತೆ ಗಂಭೀರವಾಗಿ ಬಂದು ಹೂವಿನ ಹಾರ ಬಿಚ್ಚುತ್ತಿದ್ದರು. ಹಾರವೆಂದರೆ ಹೂವು ಅರ್ಧ, ನೈಲಾನ್ ದಾರ, ಜರಿ, ಥರ್ಮೋಕೋಲಿನ ಗುಂಡು ಅರ್ಧ. ದಾರವನ್ನು ಬಿಡಿಸಿ ಗೇಟಿನ ಬಳಿಯ ಅವರೆಬಳ್ಳಿಗೆ ಹಬ್ಬಲು ಕಟ್ಟಿದರು. ಜರಿ ಒಣ ಕಸದ ಚೀಲ ಸೇರಿತು. ಥರ್ಮೋಕೋಲನ್ನು ರದ್ದಿಯವನಿಗೆ ಕೊಡಹೋದರೆ ಅವನು ಅದನ್ನು ಉಗುರಿನಿಂದ ತಳ್ಳಿ, "ಇದನ್ನ ನೀವೇ ಇಟ್ಕೊಳ್ಳಿ" ಎಂಬಂತೆ ನೋಡಿದ. ಯಾರಿಗೂ ಬೇಡವಾದ ವಸ್ತು ಎಂದರೆ ಏನು ಎಂಬ ಪಾಠವನ್ನು ಅವನು ಒಂದು ಮಾತೂ ಆಡದೆ ಮುಗಿಸಿದ.

ವಾರಗಳು ಕಳೆದವು. ಮಡಕೆಯ ಮುಚ್ಚಳ ತೆಗೆದರೆ ಹೂವುಗಳು ಹೇಗಿದ್ದವೋ ಹಾಗೇ ಇದ್ದವು. ಸೇವಂತಿಗೆ ಸ್ವಲ್ಪ ಸುಕ್ಕಾಗಿತ್ತು, ನನ್ನ ಹಾಗೆ. ಕೊಳೆಯುವ ಲಕ್ಷಣವೇ ಇಲ್ಲ. ಅತ್ತ ತುಳಸಿಯಲ್ಲಿ ತುದಿಯ ಒಂದೆರಡು ಗೊಂಚಲು ಬಿಟ್ಟರೆ ಕಡ್ಡಿ ಮಾತ್ರ ಉಳಿದಿತ್ತು. ಅಮ್ಮ ಪ್ರತಿ ಭಾನುವಾರ ಕೆಳಗಿಳಿದು ಮಡಕೆ ಇಣುಕಿ, ಏನೂ ಹೇಳದೆ ಮೇಲೆ ಹೋಗುತ್ತಿದ್ದರು. ಅವರು ಕೇಳಿದ್ದರೆ ಸುಳ್ಳಾದರೂ ಹೇಳಬಹುದಿತ್ತು.

ಕಾರಣ ಕಂಡುಹಿಡಿದವಳು ನನ್ನ ಹೆಂಡತಿ. ಸೊಪ್ಪು ತರಲು ಹೊರಟವಳು ಮಡಕೆಯೊಳಗೆ ಒಮ್ಮೆ ನೋಡಿ, "ಈ ಹೂವನ್ನು ಯಾರು ಒಣಗಿಸಿದ್ದು?" ಎಂದಳು.

ವಿಚಾರಿಸಿದಾಗ ತಿಳಿಯಿತು. ಮಕ್ಕಳ ಕೈಗೆ ಕೊಡುವಂಥದ್ದು, ತುಳಸಿಗೆ ಹೋಗುವಂಥದ್ದು ಶುದ್ಧವಾಗಿರಲಿ ಎಂದು ಅಮ್ಮ ಪ್ರತಿದಿನದ ನಿರ್ಮಾಲ್ಯವನ್ನು ತೊಳೆದು, ಅರಿಸಿನದ ನೀರು ಚಿಮುಕಿಸಿ, ತಾರಸಿಯ ಬಿಸಿಲಿನಲ್ಲಿ ಹಳೆಯ ಪಂಚೆಯ ಮೇಲೆ ಹರಡಿ ಗರಿಗರಿಯಾಗಿಸಿ ಕೊಡುತ್ತಿದ್ದರು. ಸಂಡಿಗೆ, ಹಪ್ಪಳ ಒಣಗಿಸಿದ ಕೈ. ಕೆಡದಂತೆ ಕಾಪಾಡುವುದರಲ್ಲಿ ಆ ಕೈಗೆ ಅರುವತ್ತು ವರ್ಷದ ಅನುಭವ. ಕೆಡಿಸುವುದು ಹೇಗೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

"ನೀವು ಗೊಬ್ಬರ ಮಾಡ್ತಾ ಇಲ್ಲ, ಉಪ್ಪಿನಕಾಯಿ ಹಾಕ್ತಾ ಇದ್ದೀರಿ" ಎಂದು ನನ್ನ ಹೆಂಡತಿ ನನಗೆ ಹೇಳಿ, ಸೊಪ್ಪಿಗೆ ಹೋದಳು.

ಅಮ್ಮನಿಗೆ ವಿಷಯ ಹೇಳಿದೆ. ಒಣಗಿಸುವುದು, ಅರಿಸಿನ ಹಾಕುವುದು ನಿಂತಿತು. ಮಡಕೆಗೆ ನೀರು ಬಿತ್ತು. ಸೆಗಣಿ ಹಾಕಿದರೆ ಬೇಗ ಕೊಳೆಯುತ್ತದೆ, ಸೆಗಣಿಗೆ ಮಡಿಯ ಅಡ್ಡಿಯೂ ಇಲ್ಲ ಎಂದು ಅವರೇ ಸೂಚಿಸಿದರು. ಆದರೆ ಹತ್ತಿರದ ದೇವಸ್ಥಾನದ ಬಾಗಿಲಲ್ಲಿ ಹುಲ್ಲಿನ ಕಟ್ಟಿನ ಜತೆ ನಿಲ್ಲುತ್ತಿದ್ದ ಹಸು ಈಗ ಅಲ್ಲಿರಲಿಲ್ಲ. ಮಗ ಪೂಜಾಸಾಮಗ್ರಿ ಅಂಗಡಿಯಿಂದ ಪ್ಯಾಕೆಟ್ಟಿನ ಬೆರಣಿ ತಂದ. ಅಮ್ಮ ಮೂಸಿ, "ಇದು ಊದುಬತ್ತಿಯ ಹಸು" ಎಂದು ಪಕ್ಕಕ್ಕಿಟ್ಟರು.

ಅದಾಗಿ ಸ್ವಲ್ಪ ಕಾಲಕ್ಕೆ ಮಡಕೆ ಮನಸ್ಸು ಬದಲಾಯಿಸಿತು. ಹೂವು ಕರಗಿ ಕಪ್ಪಾಯಿತು. ಕೆಂಪು ಎರೆಹುಳಗಳು ಕಾಣಿಸಿಕೊಂಡವು. ವಾಸನೆ ಹಿತವಾಯಿತು. ನೀರು ಹಾಕಿದ್ದರಿಂದ ಎಂದು ನಾನು ಮಕ್ಕಳಿಗೆ ಶಾಸ್ತ್ರೀಯವಾಗಿ ವಿವರಿಸಿದೆ. ಅಮ್ಮ ಅದೇ ಹಿತ್ತಾಳೆ ತಟ್ಟೆಯಲ್ಲಿ ಗೊಬ್ಬರ ತೆಗೆದುಕೊಂಡು ಹೋಗಿ ತುಳಸಿಯ ಬುಡಕ್ಕೆ ಹಾಕಿ ಕೈ ಮುಗಿದರು.

ಚಳಿ ಕಳೆಯುವ ಹೊತ್ತಿಗೆ ಕಡ್ಡಿಯ ಗಿಣ್ಣುಗಳಲ್ಲಿ ಚಿಗುರು ಬಂತು. ಮೊದಲು ಸಾಸಿವೆಯಷ್ಟು, ಆಮೇಲೆ ಇಲಿಯ ಕಿವಿಯಷ್ಟು. ಅಮ್ಮ ಒಂದು ಭಾನುವಾರ ತರಗತಿಗೆ ಹೆಸರುಬೇಳೆ ಪಾಯಸ ಮಾಡಿಕೊಂಡು ಬಂದರು. ನಮ್ಮ ಸೊಸೈಟಿ ಆಫೀಸಿನ ಕುರ್ಚಿಯಲ್ಲಿ ಕುಳಿತು, ಮಕ್ಕಳು ತಿನ್ನುವುದನ್ನು ನೋಡುತ್ತ, "ಈಗ ಹೇಳಿ, ಈ ಗೊಬ್ಬರಕ್ಕೆ ಎಂತೆಂತ ಹಾಕಿದ್ರಿ? ಅವತ್ತು ಹೇಳಿದ್ರಲ್ಲ, ಹಾಗೆ ಹೇಳಿ. ಊರಿಗೆ ಫೋನ್ ಮಾಡುವಾಗ ನಂಗೆ ಹೇಳ್ಲಿಕ್ಕೆ ಆಗ್ತದೆ" ಎಂದರು.

"ಸೇವಂತಿಗೆ, ದಾಸವಾಳ, ತುಂಬೆ..."

"ವೀಳ್ಯದೆಲಿ. ಬಾಳೆಹಣ್ಣಿನ ಸಿಪ್ಪಿ."

"ನೀರು."

ಸರದಿ ಎರಡನೆಯ ಮಹಡಿಯ ಹುಡುಗಿಗೆ ಬಂತು. ಅವಳು ಪಾಯಸದ ಲೋಟವನ್ನು ನೆಲದ ಮೇಲಿಟ್ಟಳು.

"ಹೇಳು ಮಗಾ" ಎಂದರು ಅಮ್ಮ.

"ಹೆಪ್ಪು" ಎಂದಳು.

ನನಗೆ ಅರ್ಥವಾದದ್ದು ಒಂದು ಕ್ಷಣ ತಡವಾಗಿ. ಅಮ್ಮನಿಗೆ ಅಷ್ಟೂ ತಡವಾಗಲಿಲ್ಲ.

"ಯಾವ ಹೆಪ್ಪು?"

"ಡ್ರಮ್ಮಿಂದು. ಒಂದೇ ಮುಷ್ಟಿ. ಸರ್ ಅಜ್ಜ ಹೇಳಿದ್ರು, ಹೆಪ್ಪು ಇಲ್ಲದೆ ಆಗಲ್ಲ ಅಂತ. ಅಜ್ಜಿ ಗಿಡ ಸಾಯ್ತಾ ಇತ್ತು ನಾ, ಅದಕ್ಕೆ." ಅವಳ ಕನ್ನಡ ಎಂದೂ ಅಷ್ಟು ಉದ್ದ ಹೋದದ್ದಿಲ್ಲ. "ನಾನು ಮಿಂದಿದ್ದೆ" ಎಂದು ಸೇರಿಸಿದಳು.

ಯಾರೂ ಪಾಯಸ ತಿನ್ನಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಅದು ಪೂರ್ತಿ ಮಣ್ಣಾಗಿಬಿಟ್ಟಿರುತ್ತದೆ, ಅಮ್ಮ. ಹಳೆಯ ರೂಪ ಏನೂ ಉಳಿದಿರುವುದಿಲ್ಲ" ಎಂದೆ. ಹಡಗು ಕಂಪನಿಯಲ್ಲಿ ನೆಂದುಹೋದ ಸರಕಿನ ಬಗ್ಗೆ ಗಿರಾಕಿಗಳಿಗೆ ಬರೆಯುತ್ತಿದ್ದ ಧಾಟಿಯೇ ಅದು. ಆ ಧಾಟಿಯಿಂದ ಆಗಲೂ ಯಾರೂ ಸಮಾಧಾನಪಟ್ಟಿರಲಿಲ್ಲ.

ಅಮ್ಮ ಎದ್ದರು. ಪಾಯಸದ ಪಾತ್ರೆಯನ್ನೂ ಸೌಟನ್ನೂ ಅಲ್ಲೇ ಬಿಟ್ಟು, ಕೋಲೂರಿಕೊಂಡು ಲಿಫ್ಟಿನ ಕಡೆ ನಡೆದರು. ಬಾಗಿಲಲ್ಲಿ ನಿಂತು, "ಪಾತ್ರೆ ಆಮೇಲೆ ತಂದು ಕೊಡಿ" ಎಂದರು, ಯಾರಿಗೆ ಎಂದು ಹೇಳದೆ.

ಆ ವಾರ ನಮ್ಮ ಮನೆಯಲ್ಲಿ ಒಂದೇ ಮಾತು. ಅಮ್ಮ ಆ ತುಳಸಿಯನ್ನು ಏನು ಮಾಡುತ್ತಾರೆ? ಬೇರು ತೊಳೆದು ಬೇರೆ ಮಣ್ಣಿಗೆ ಹಾಕಿದರೆ ಈಗಷ್ಟೇ ಚಿಗುರಿದ ಗಿಡ ಉಳಿಯುವುದಿಲ್ಲ. ಹಾಗೇ ಬಿಟ್ಟರೆ ಅದಕ್ಕೆ ಪೂಜೆ ಮಾಡುವುದು ಹೇಗೆ? ಪೂಜೆ ಇಲ್ಲದ ತುಳಸಿ ಅವರ ಮಟ್ಟಿಗೆ ಬರೀ ಗಿಡ. ತವರಿನ ಬೀಜ ಅಲ್ಲಿಗೆ ಮುಗಿದಂತೆ. ಅಂಗಳದಲ್ಲಿ ಆಡುವ ಮಕ್ಕಳು ಮೂರನೆಯ ಮಹಡಿಯ ಬಾಲ್ಕನಿಯತ್ತ ಕತ್ತು ಎತ್ತಿ ನೋಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. ಕುಂಡ ಇದೆ. ಗಿಡ ಇದೆ. ಅಜ್ಜಿ ಕಾಣಲಿಲ್ಲ. ಹುಡುಗಿ ಕೆಳಗಿಳಿಯಲೇ ಇಲ್ಲ. ಜ್ವರವೆಂದು ಅವಳ ತಾಯಿ ಹೇಳಿದರು. ಪಾತ್ರೆ ಕೊಡಲು ನನ್ನ ಹೆಂಡತಿಯೇ ಹೋದಳು.

"ಏನಂದರು?"

"ಏನೂ ಇಲ್ಲ. ಕಾಫಿ ಕೊಟ್ಟರು."

"ಅವರು ಕುಡಿದರಾ?"

ಅವಳು ನನ್ನನ್ನು ನೋಡಿದಳು. ಮಡಕೆ ಉಪ್ಪಿನಕಾಯಿಯಾದದ್ದನ್ನು ಕಂಡುಹಿಡಿದವಳಿಗೂ ಇದು ಹೊಳೆದಿರಲಿಲ್ಲ. "ಕುಡಿದರು" ಎಂದಳು ನಿಧಾನವಾಗಿ. "ಬೆಳಿಗ್ಗೆಯದು ಅದೇ ಮೊದಲನೆಯದು ಅಂದರು."

ಅಂದರೆ ತುಳಸಿಗೆ ನೀರೆರೆದಿದ್ದರು. ಆದರೆ ಮನಸ್ಸು ತಡೆಯದೆ ಎರೆದದ್ದೋ, ತೀರ್ಮಾನ ಮಾಡಿ ಎರೆದದ್ದೋ ನಮಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ತರಗತಿಯ ಹೊತ್ತಿಗೆ ಅಮ್ಮ ಇಳಿದು ಬಂದರು. ಕೈಯಲ್ಲಿ ಕಾಗದದ ಪೊಟ್ಟಣ, ಅದರೊಳಗೆ ಆ ವಾರದ ನಿರ್ಮಾಲ್ಯ. ಒಣಗಿಸಿರಲಿಲ್ಲ.

"ಆ ಹುಡುಗಿ ಎಲ್ಲಿ?"

"ಜ್ವರವಂತೆ" ಎಂದೆ.

"ಜ್ವರ ಎಂತದೂ ಇಲ್ಲ. ಕರೆಸಿ."

ಚಾಳಿನ ಹುಡುಗ ಮೆಟ್ಟಿಲು ಹಾರುತ್ತ ಹೋಗಿ ಕರೆತಂದ. ಹುಡುಗಿ ಬಂದು ನನ್ನ ಹಿಂದೆ ನಿಂತಳು. ಅವಳ ಕೂದಲು ಒದ್ದೆಯಾಗಿತ್ತು.

"ನಾನು ವಾರ ಇಡೀ ನೋಡ್ದೆ" ಎಂದರು ಅಮ್ಮ, ಅವಳಿಗಲ್ಲ, ನನಗೆ. "ನಾಳೆ ಬಾಡ್ತದೆ, ನಾಡಿದ್ದು ಬಾಡ್ತದೆ ಅಂತ ಕಾದೆ. ಬಾಡ್ಲಿಲ್ಲ ಮಾಷ್ಟ್ರೇ. ಮತ್ತೊಂದು ಕವಲು ಒಡೆದಿದೆ. ಅದಕ್ಕೆ ಬೇಡ ಅಂತ ಇದ್ರೆ ಅದೇ ಬಿಡ್ತಿತ್ತು. ಅದು ತಗೊಂಡ ಮೇಲೆ ಬೇಡ ಅನ್ಲಿಕ್ಕೆ ನಾನ್ಯಾರು?" ಕೋಲನ್ನು ಸರಿಯಾಗಿ ಊರಿಕೊಂಡು, "ಆದ್ರೆ ನಂಗೆ ಸಂಕಟ ಆಯ್ತು. ಸುಳ್ಳು ಹೇಳುದಿಲ್ಲ" ಎಂದರು.

ನಾನು ತಲೆಯಾಡಿಸಿದೆ.

ಅಮ್ಮ ಈಗ ಹುಡುಗಿಯ ಕಡೆ ತಿರುಗಿದರು. "ನೀನು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ."

"ಅಂತಿದ್ದೆ."

"ಫಿರ್ ಗಿಡ ಸತ್ತು ಹೋಗ್ತಿತ್ತು."

ಅಮ್ಮ ಪೊಟ್ಟಣವನ್ನು ಹುಡುಗಿಯ ಕೈಗೆ ಕೊಟ್ಟರು. "ಇನ್ನು ಮೇಲೆ ಕದ್ದು ಹಾಕುದು ಬೇಡ. ಹಾಕುವ ಮೊದಲು ನಂಗೆ ಹೇಳು. ನಾನು ಆ ಕಡೆ ತಿರುಗಿ ನಿಲ್ತೇನೆ. ಆಮೇಲೆ ಹಾಕು."

ನಾವೆಲ್ಲ ಪಂಪ್ ರೂಮಿನ ಹಿಂದೆ ಹೋದೆವು. ಮಕ್ಕಳು ಹಾರ ಬಿಚ್ಚಿ, ದಾರ ಬೇರೆ ಮಾಡಿ, ಹೂವನ್ನು ಮಡಕೆಗೆ ತುಂಬಿಸಿದರು. ಹುಡುಗಿ ಡ್ರಮ್ಮಿನ ಬಳಿ ಹೋಗಿ ನಿಂತಳು.

"ಅಜ್ಜಿ, ಈಗ ಹಾಕ್ತೇನೆ."

ಅಮ್ಮ ಕೋಲೂರಿ ನಿಧಾನವಾಗಿ ತಿರುಗಿ, ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತರು. ಆಚೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು. ಚಾಳಿನ ಹುಡುಗನಿಗೆ ಏನನ್ನಿಸಿತೋ, ಅವನೂ ತಿರುಗಿ ಅವರ ಪಕ್ಕದಲ್ಲಿ ಗೋಡೆ ನೋಡುತ್ತ ನಿಂತ. ಅವನನ್ನು ನೋಡಿ ಉಳಿದವರೂ ಸಾಲಾಗಿ ತಿರುಗಿದರು. ಹೀಗೆ ಎಲ್ಲರೂ ಗೋಡೆ ನೋಡುತ್ತಿರುವಾಗ ಗುರುವಾದವನೊಬ್ಬನೇ ನೋಡುವುದು ಚೆನ್ನಲ್ಲವೆಂದು ನಾನೂ ತಿರುಗಿದೆ.

ಹಿಂದೆ ಡ್ರಮ್ಮಿನ ಮುಚ್ಚಳ ಸದ್ದು ಮಾಡಿತು. ಮಡಕೆಯೊಳಗೆ ಏನೋ ಮೆತ್ತಗೆ ಬಿತ್ತು.

"ಆಯ್ತಾ?" ಎಂದರು ಅಮ್ಮ, ಗೋಡೆಗೆ.

"ಆಯ್ತು ಅಜ್ಜಿ."

"ಒಂದೇ ಮುಷ್ಟಿ ಅಲ್ವಾ?"

ಡ್ರಮ್ಮಿನ ಮುಚ್ಚಳ ಮುಚ್ಚಿದ ಸದ್ದಾಯಿತು.

"ಎರಡು" ಎಂದಳು ಹುಡುಗಿ.

"ಇರ್ಲಿ" ಎಂದರು ಅಮ್ಮ. "ಬೇಸಗೆ ಬರ್ತಾ ಉಂಟು, ಬೇಕಾಗ್ತದೆ."